ಕ್ರೆಟಾನೋ, ಗ್ರ್ಯಾಂಡ್ ವಿಟಾರಾನೋ? ಲೀಟರಿನ ಲೆಕ್ಕ



ಬೆಂಗಳೂರಿನಲ್ಲಿ ‘ಮೈಲೇಜ್ ಎಷ್ಟು?’ ಅಂತ ಕೇಳುತ್ತಾರೆ. ಅದೇ ಪ್ರಶ್ನೆ ಮುಂಬೈ, ಪುಣೆಗೆ ಬಂದರೆ ‘ಆವರೇಜ್ ಎಷ್ಟು?’ ಆಗುತ್ತದೆ. ಮಾತು ಬೇರೆಯಾದರೂ ಚಿಂತೆ ಒಂದೇ. ಸಣ್ಣ ಎಸ್‌ಯುವಿ ಕೊಳ್ಳಬೇಕೆಂದಿರುವ ನಮ್ಮ ಕೇಳುಗರಿಗಾಗಿ ಈ ಸಲ ಎರಡು ಗಾಡಿಗಳ ಇಂಧನದ ಲೆಕ್ಕ ಹಾಕೋಣ.

ಒಂದು, ಚೆನ್ನೈ ಪಕ್ಕದ ಶ್ರೀಪೆರಂಬದೂರಿನಲ್ಲಿ ತಯಾರಾಗುವ ಹುಂಡೈ ಕ್ರೆಟಾ. ಇನ್ನೊಂದು, ಮಾರುತಿ ಗ್ರ್ಯಾಂಡ್ ವಿಟಾರಾದ ಸ್ಟ್ರಾಂಗ್ ಹೈಬ್ರಿಡ್. ಹೆಸರು ಮಾರುತಿಯದಾದರೂ 2022ರಲ್ಲಿ ಇದರ ತಯಾರಿಕೆ ಶುರುವಾದದ್ದು ನಮ್ಮ ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲಿ. ತಟ್ಟೆ ಇಡ್ಲಿಯ ಊರಿಗೆ ಇದೂ ಒಂದು ಹೆಮ್ಮೆ!

ಕಂಪನಿಗಳು ಹೇಳುವ ಅಂಕಿ ನೋಡಿ. 2024ರ ಕ್ರೆಟಾ 1.5 ಲೀಟರ್ ಪೆಟ್ರೋಲ್ ಮ್ಯಾನ್ಯುಯಲ್ ಲೀಟರಿಗೆ 17.4 ಕಿ.ಮೀ., ಡೀಸೆಲ್ ಮ್ಯಾನ್ಯುಯಲ್ 21.8. ಗ್ರ್ಯಾಂಡ್ ವಿಟಾರಾ ಹೈಬ್ರಿಡ್ 27.97. ಕಾಗದದ ಮೇಲೆ ಪಂದ್ಯ ಮುಗಿದೇಹೋಯಿತು. ಆದರೆ ಈ ಅಂಕಿ ಬಂದದ್ದು ರಸ್ತೆಯಿಂದಲ್ಲ. ಪ್ರಯೋಗಾಲಯದಲ್ಲಿ ಕಾರನ್ನು ರೋಲರ್ ಮೇಲೆ ನಿಲ್ಲಿಸಿ, ಎ.ಸಿ. ಆರಿಸಿ, ಸುಮಾರು 20 ನಿಮಿಷ ಓಡಿಸುತ್ತಾರೆ. ವೇಗ 90 ಕಿ.ಮೀ. ದಾಟುವುದಿಲ್ಲ. ಎದುರಿಗೆ ಆಟೋ ನುಗ್ಗುವುದಿಲ್ಲ, ಮಳೆಗಾಲದ ಗುಂಡಿ ಇಲ್ಲ. ಪುಣೆಯ ಕೇಳುಗರಿಗೆ ಎಆರ್‌ಎಐ ಎಂಬ ಬೋರ್ಡು ಪರಿಚಯವಿರಬಹುದು. ಇಂಥ ಪರೀಕ್ಷೆ ನಡೆಸುವ ಸಂಸ್ಥೆ ಅದೇ. ಆ ಅಂಕಿಯನ್ನು ಒಂದು ಗಾಡಿಗೆ ಇನ್ನೊಂದನ್ನು ಹೋಲಿಸಲು ಬಳಸಿ. ಮನೆ ಖರ್ಚಿನ ಲೆಕ್ಕಕ್ಕೆ ನಂಬಬೇಡಿ.

ಹೈಬ್ರಿಡ್ ಏಕೆ ಕಡಿಮೆ ಕುಡಿಯುತ್ತದೆ? ಸಿಗ್ನಲ್ಲಿನಲ್ಲಿ ನಿಂತಾಗ, ಆಮೆಯಂತೆ ತೆವಳುವಾಗ ಎಂಜಿನ್ ಆರಿಹೋಗಿ ಬ್ಯಾಟರಿಯ ಮೋಟಾರು ಗಾಡಿ ಎಳೆಯುತ್ತದೆ. ಬ್ರೇಕ್ ಒತ್ತಿದಾಗ ಬಿಸಿಯಾಗಿ ವ್ಯರ್ಥವಾಗುತ್ತಿದ್ದ ಶಕ್ತಿಯಲ್ಲಿ ಒಂದು ಪಾಲು ಮತ್ತೆ ಬ್ಯಾಟರಿಗೆ ಸೇರುತ್ತದೆ. ಅಂದರೆ ಅಂಧೇರಿಯ ಟ್ರಾಫಿಕ್ ಇದಕ್ಕೆ ವರ! ಅದೇ ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ 100ರಲ್ಲಿ ಒಂದೇ ಸಮ ಓಡಿಸಿದರೆ ಬ್ರೇಕಿಗೆ ಕೆಲಸವಿಲ್ಲ, ಎಂಜಿನ್ನೇ ದುಡಿಯಬೇಕು. 80ರಲ್ಲಿ ಇದ್ದ ಗಾಳಿಯ ತಡೆ 100ಕ್ಕೆ ಹೋದಾಗ ಒಂದೂವರೆ ಪಟ್ಟಿಗೂ ಹೆಚ್ಚಾಗುತ್ತದೆ. ಅಲ್ಲಿ ಹೈಬ್ರಿಡ್‌ನ ಲಾಭ ಕರಗುತ್ತದೆ.

ಇನ್ನು ಬಹಳ ಜನ ಎಡವುವ ಜಾಗ. ಲೀಟರಿಗೆ 5 ಕಿ.ಮೀ. ಹೆಚ್ಚು ಸಿಕ್ಕರೆ ಎಲ್ಲ ಕಡೆಯೂ ಒಂದೇ ಉಳಿತಾಯ ಅಂದುಕೊಳ್ಳುತ್ತೇವೆ. ಹಾಗಲ್ಲ. ತಿಂಗಳಿಗೆ 1,000 ಕಿ.ಮೀ. ಓಡಿಸುತ್ತೀರಿ ಎನ್ನಿ. 12 ಕೊಡುವ ಗಾಡಿ ಬಿಟ್ಟು 17 ಕೊಡುವುದನ್ನು ತಂದರೆ ಸುಮಾರು 24 ಲೀಟರ್ ಉಳಿಯುತ್ತದೆ. 22ರಿಂದ 27ಕ್ಕೆ ಹೋದರೆ ಉಳಿಯುವುದು 8 ಲೀಟರ್ ಮಾತ್ರ. ಆದ್ದರಿಂದ ‘ಲೀಟರಿಗೆ ಎಷ್ಟು ಕಿ.ಮೀ.’ ಅನ್ನುವುದಕ್ಕಿಂತ ‘ತಿಂಗಳಿಗೆ ಎಷ್ಟು ಲೀಟರ್’ ಅಂತ ಕೇಳಿಕೊಳ್ಳಿ. ಜೇಬಿಗೆ ಅರ್ಥವಾಗುವ ಭಾಷೆ ಅದು.

ಲೆಕ್ಕಕ್ಕಾಗಿ ಊರೊಳಗೆ ಪೆಟ್ರೋಲ್ ಕ್ರೆಟಾ 12, ಹೈಬ್ರಿಡ್ 22 ಕೊಡುತ್ತದೆ, ಪೆಟ್ರೋಲ್ ಲೀಟರಿಗೆ 100 ರೂಪಾಯಿ ಎಂದುಕೊಳ್ಳೋಣ. 1,000 ಕಿ.ಮೀ.ಗೆ 38 ಲೀಟರ್, ಅಂದರೆ 3,800 ರೂಪಾಯಿ ಉಳಿತಾಯ. ನೀವು ತಂದ ಎರಡು ಕೊಟೇಶನ್‌ಗಳ ನಡುವೆ 2.5 ಲಕ್ಷ ಅಂತರವಿದ್ದರೆ ಅದು ವಾಪಸಾಗಲು ಐದೂವರೆ ವರ್ಷ ಬೇಕು. ಆಫೀಸಿಗೆ ಲೋಕಲ್ ಟ್ರೈನಿನಲ್ಲೇ ಹೋಗಿ, ಭಾನುವಾರ ಮಾತ್ರ ಕಾರು ತೆಗೆದು, ತಿಂಗಳಿಗೆ 400 ಕಿ.ಮೀ. ಓಡಿಸುವವರಿಗೆ ಹದಿಮೂರು ವರ್ಷ ದಾಟುತ್ತದೆ. ಅವರು ಹೈಬ್ರಿಡ್‌ಗೆ ಸಾಲ ಮಾಡುವುದು ನನಗಂತೂ ಸರಿ ಕಾಣುವುದಿಲ್ಲ. ಬ್ಯಾಂಕಿನ ಬಡ್ಡಿ ಪೆಟ್ರೋಲನ್ನು ನುಂಗಿಬಿಡುತ್ತದೆ.

ರಜೆ ಬಂತೆಂದರೆ ಹುಬ್ಬಳ್ಳಿಗೋ ಮಂಗಳೂರಿಗೋ ಹೊರಡುವವರು, ಹೆದ್ದಾರಿಯಲ್ಲೇ ಹೆಚ್ಚು ಓಡಿಸುವವರು ಕ್ರೆಟಾ ಡೀಸೆಲ್ಲನ್ನೂ ನೋಡಬಹುದು. ದೆಹಲಿಯವರು ಮಾತ್ರ ಸ್ವಲ್ಪ ತಡೆಯಿರಿ. 10 ವರ್ಷ ದಾಟಿದ ಡೀಸೆಲ್ ಗಾಡಿ ಅಲ್ಲಿ ಓಡಬಾರದೆಂಬ ಹಸಿರು ನ್ಯಾಯಮಂಡಳಿಯ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿತ್ತು. 2025ರಲ್ಲಿ ಆ ವಿಷಯ ಮತ್ತೆ ಕೋರ್ಟಿನ ಮುಂದೆ ಬಂತು. ಮರುಮಾರಾಟದ ಬೆಲೆಗೆ ಇದರ ಬಿಸಿ ತಟ್ಟದೆ ಇರದು.

ಈಗಿರುವ ಕಾರಿನ ನಿಜವಾದ ಆವರೇಜ್ ತಿಳಿಯಬೇಕೇ? ಟ್ಯಾಂಕ್ ತುಂಬಿಸಿ, ಪಂಪಿನ ನಳಿಕೆ ಮೊದಲ ಸಲ ‘ಟಕ್’ ಎಂದಾಗ ನಿಲ್ಲಿಸಿ, ಮೀಟರ್ ಬರೆದಿಟ್ಟುಕೊಳ್ಳಿ. ನಾಲ್ಕೈದು ನೂರು ಕಿ.ಮೀ. ಆದ ಮೇಲೆ ಅದೇ ಪಂಪಿನಲ್ಲಿ ಹಾಗೆಯೇ ತುಂಬಿಸಿ, ಓಡಿದ ದೂರವನ್ನು ಹಾಕಿದ ಲೀಟರಿನಿಂದ ಭಾಗಿಸಿ. ಆ ಅಂಕಿ ಹಿಡಿದುಕೊಂಡು ಶೋರೂಮಿಗೆ ಹೋಗಿ. ಟೆಸ್ಟ್ ಡ್ರೈವನ್ನು ಭಾನುವಾರ ಬೆಳಗ್ಗೆ ಕೇಳಬೇಡಿ, ಸಂಜೆ ಆರೂವರೆಗೆ ಕೇಳಿ. ಎ.ಸಿ. ಹಾಕಿಯೇ ಓಡಿಸಿ.