ಕೈಯಲ್ಲಿರುವ ಕ್ಯಾಮೆರಾ ಸಾಕು, ಸಿನಿಮಾ ಶುರು ಮಾಡಿ

ಕಿರುಚಿತ್ರ ಮಾಡಬೇಕು ಅಂದುಕೊಂಡಿರುವ ಯಾವುದಾದರೂ ಕಾಲೇಜು ಗುಂಪಿನ ಮಾತುಕತೆ ಕೇಳಿಸಿಕೊಳ್ಳಿ. ಹತ್ತು ನಿಮಿಷದೊಳಗೆ ಮಾತು ಕಥೆಯಿಂದ ಕ್ಯಾಮೆರಾಗೆ ಜಾರಿರುತ್ತದೆ. ‘ಇದು ಕ್ರಾಪ್ ಸೆನ್ಸರ್ ಮಗಾ, ಫುಲ್ ಫ್ರೇಮ್ ಇದ್ದಿದ್ರೆ ಲುಕ್ಕೇ ಬೇರೆ’, ‘ಇದರಲ್ಲಿ 4ಕೆ ಬರಲ್ಲ’, ‘ಹೊಸ ಮಾಡೆಲ್ ಬರ್ಲಿ, ತಗೊಂಡೇ ಶುರು ಮಾಡೋಣ’. ಹೊಸ ಮಾಡೆಲ್ ಬರುತ್ತದೆ. ಅದರ ಬೆಲೆ ನೋಡಿ, ಹಣ ಹೊಂದಿಸುವ ಯೋಚನೆಯಲ್ಲೇ ನಾಲ್ಕು ತಿಂಗಳು ಕಳೆಯುತ್ತದೆ. ಅಷ್ಟರಲ್ಲಿ ಅದಕ್ಕಿಂತ ಹೊಸದೊಂದರ ಸುದ್ದಿ ಬರುತ್ತದೆ. ಕಥೆ ಮಾತ್ರ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಉಳಿದಿರುತ್ತದೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಹಿರಿಯರು ಇದಕ್ಕೆ ನಗಬಹುದು. ಆದರೆ ತಪ್ಪು ಪೂರ್ತಿ ನಮ್ಮದೇ ಅಲ್ಲ. ನೆಲ ಡೊಂಕಾಗಿದೆ ಎಂದು ನಮ್ಮನ್ನು ನಂಬಿಸುವುದೇ ಒಂದು ದೊಡ್ಡ ವ್ಯಾಪಾರ. ಕಂಪನಿಗಳು ಒಂದರ ಹಿಂದೊಂದು ಮಾಡೆಲ್ ಬಿಡುತ್ತವೆ. ಕ್ಯಾಮೆರಾ ವಿಮರ್ಶೆ ಮಾಡುವ ಬಹಳಷ್ಟು ವಿಡಿಯೊಗಳ ಕೆಳಗೆ ಖರೀದಿಯ ಲಿಂಕ್ ಇರುತ್ತದೆ. ನೀವು ಅದನ್ನು ಒತ್ತಿ ಕೊಂಡರೆ ವಿಡಿಯೊ ಮಾಡಿದವರಿಗೂ ಕಮಿಷನ್ ಹೋಗುತ್ತದೆ. ‘ನಿಮ್ಮ ಹಳೆಯ ಕ್ಯಾಮೆರಾ ಸಾಕು’ ಎಂದು ಹೇಳಿದರೆ ಯಾರಿಗೂ ಕಮಿಷನ್ ಇಲ್ಲ!

ಕಾಯುವುದಕ್ಕೂ ಬೆಲೆಯಿದೆ

ಓದು ಮುಗಿಸಿ ಕೆಲಸ ಹುಡುಕುತ್ತಿರುವವರಿಗೆ ಇದು ಬರೀ ಹವ್ಯಾಸದ ಪ್ರಶ್ನೆಯಲ್ಲ. 72,000 ರೂಪಾಯಿಯ ಕ್ಯಾಮೆರಾವನ್ನು 12 ಕಂತಿನಲ್ಲಿ ಕೊಂಡರೆ ತಿಂಗಳಿಗೆ 6,000 ರೂಪಾಯಿ. ಇನ್ನೂ ಸಂಬಳವೇ ಬಾರದವರಿಗೆ ಅದು ಅಪ್ಪನ ಜೇಬಿನಿಂದಲೇ ಹೋಗಬೇಕು. ‘ನೋ ಕಾಸ್ಟ್ ಇಎಂಐ’ ಎಂದಿದ್ದರೂ ಪ್ರೊಸೆಸಿಂಗ್ ಶುಲ್ಕ ಮತ್ತು ಬಡ್ಡಿಯ ಮೇಲಿನ ಜಿಎಸ್‌ಟಿ ಸೇರಿಕೊಳ್ಳುವುದುಂಟು. ಹಣಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ.

ಕರಾವಳಿಯ ನನ್ನ ಗೆಳೆಯನೊಬ್ಬ ತನ್ನೂರಿನ ಹೆಂಚಿನ ಕಾರ್ಖಾನೆಯ ಬಗ್ಗೆ ಸಾಕ್ಷ್ಯಚಿತ್ರ ಮಾಡಬೇಕೆಂದಿದ್ದ. ಅವನ ಅಜ್ಜಿ ಅಲ್ಲಿ ದುಡಿದವರು. ಕೈಯಲ್ಲಿ ಒಳ್ಳೆಯ ಫೋನೇ ಇತ್ತು. ಆದರೆ ‘ಹೊಗೆಯ ನಡುವೆ ಬೀಳುವ ಬಿಸಿಲನ್ನು ಫೋನು ಹಿಡಿಯೋದಿಲ್ಲ’ ಎಂದು ಕ್ಯಾಮೆರಾಕ್ಕಾಗಿ ಕಾದ. ಹಣ ಜೋಡಿಸುವಷ್ಟರಲ್ಲಿ ಕಾರ್ಖಾನೆ ಮುಚ್ಚಿತು, ಯಂತ್ರಗಳು ಗುಜರಿಗೆ ಹೋದವು, ಕೆಲಸದವರು ಚದುರಿದರು. ಈಗ ಅವನ ಬಳಿ ಒಳ್ಳೆಯ ಕ್ಯಾಮೆರಾ ಇದೆ. ಅಲ್ಲಿ ಚಿಮಣಿ ಬಿಟ್ಟರೆ ಏನೂ ಇಲ್ಲ. ಆದರೆ ಯಾವಾಗಲೋ ಸುಮ್ಮನೆ ಹಳೆಯ ಫೋನಿನಲ್ಲಿ ತೆಗೆದ 40 ಸೆಕೆಂಡಿನ ವಿಡಿಯೊ ಒಂದು ಉಳಿದಿದೆ. ಹೆಂಗಸರು ಹಸಿ ಹೆಂಚುಗಳನ್ನು ಸಾಲಾಗಿ ಜೋಡಿಸುತ್ತಾ ನಗುವ ದೃಶ್ಯ ಅದು. ಊರಿನವರು ಇವತ್ತಿಗೂ ಕೇಳಿ ಹಾಕಿಸಿಕೊಂಡು ನೋಡುವುದು ಅದನ್ನೇ. ಅದು ಎಷ್ಟು ಮೆಗಾಪಿಕ್ಸೆಲ್ ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ.

ಇದ್ದುದರಲ್ಲೇ ಮಾಡಿದವರು

ಅಮೆರಿಕದ ನಿರ್ದೇಶಕ ಷಾನ್ ಬೇಕರ್ ‘ಟ್ಯಾಂಜರೀನ್’ ಚಿತ್ರವನ್ನು ಚಿತ್ರೀಕರಿಸಿದ್ದು ಐಫೋನ್ 5ಎಸ್‌ನಲ್ಲಿ. ಫೋನಿನ ಮುಂದೆ ಒಂದು ಸಣ್ಣ ಲೆನ್ಸ್ ಅಡಾಪ್ಟರ್, ಒಂದು ಆ್ಯಪ್, ಕೈ ಅಲುಗದಂತೆ ಹಿಡಿಯಲು ಒಂದು ಸಾಧನ. ಚಿತ್ರೀಕರಣಕ್ಕೆ ಮುಖ್ಯವಾಗಿ ಬಳಸಿದ್ದು ಇಷ್ಟೇ. 2015ರಲ್ಲಿ ಆ ಚಿತ್ರ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಅದೇ ಬೇಕರ್ 2025ರಲ್ಲಿ ‘ಅನೋರಾ’ ಚಿತ್ರಕ್ಕಾಗಿ ಒಂದೇ ರಾತ್ರಿ ನಾಲ್ಕು ಆಸ್ಕರ್ ಪಡೆದರು. ಇಲ್ಲಿ ಗಮನಿಸಬೇಕಾದ ಎರಡು ಸಂಗತಿಗಳಿವೆ. ‘ಟ್ಯಾಂಜರೀನ್’ನಲ್ಲಿ ದೃಶ್ಯವನ್ನು ಫೋನಿನಲ್ಲಿ ತೆಗೆದರೂ ಧ್ವನಿಯನ್ನು ಬೇರೆಯಾಗಿ, ವೃತ್ತಿಪರ ಉಪಕರಣದಲ್ಲೇ ದಾಖಲಿಸಿದ್ದರು. ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು ಎಂಬುದು ಅವರಿಗೆ ಗೊತ್ತಿತ್ತು. ಇನ್ನೊಂದು, ‘ಅನೋರಾ’ವನ್ನು ಅವರು 35 ಎಂ.ಎಂ. ಫಿಲ್ಮಿನಲ್ಲಿ ತೆಗೆದರು. ಅಂದರೆ ಫೋನೇ ಶ್ರೇಷ್ಠ ಎಂಬ ಹಟ ಅವರಿಗೂ ಇರಲಿಲ್ಲ. ಆವತ್ತು ಇದ್ದುದರಲ್ಲಿ ಆವತ್ತಿನ ಚಿತ್ರ ಮುಗಿಸಿದರು, ಅಷ್ಟೇ.

ಕ್ರಿಸ್ಟೋಫರ್ ನೋಲನ್ ಅವರ ಮೊದಲ ಚಿತ್ರ ‘ಫಾಲೋಯಿಂಗ್’ (1998) ಸುಮಾರು 6,000 ಡಾಲರ್‌ನಲ್ಲಿ ಆದದ್ದು. ತಂಡದವರೆಲ್ಲ ಬೇರೆ ಬೇರೆ ಕಡೆ ಕೆಲಸ ಮಾಡುತ್ತಿದ್ದರಿಂದ ವಾರದ ರಜೆಯಲ್ಲಿ ಮಾತ್ರ ಶೂಟಿಂಗ್, ಅದೂ ಸುಮಾರು ಒಂದು ವರ್ಷ. ಫಿಲ್ಮ್ ದುಬಾರಿಯಾದ್ದರಿಂದ ಒಂದೆರಡು ಟೇಕ್‌ನಲ್ಲೇ ದೃಶ್ಯ ಮುಗಿಯುವಂತೆ ಮೊದಲೇ ಚೆನ್ನಾಗಿ ರಿಹರ್ಸಲ್ ಮಾಡುತ್ತಿದ್ದರು. ಮೆಮೊರಿ ಕಾರ್ಡ್ ಇರುವ ನಾವು ಒಂದೇ ದೃಶ್ಯಕ್ಕೆ ಇಪ್ಪತ್ತು ಟೇಕ್ ತೆಗೆಯುತ್ತೇವೆ, ರಿಹರ್ಸಲ್ ಒಂದನ್ನೂ ಮಾಡುವುದಿಲ್ಲ.

ನಮ್ಮ ದೇಶದ ಉದಾಹರಣೆ ಇನ್ನೂ ದೊಡ್ಡದು. ಸತ್ಯಜಿತ್ ರೇ ‘ಪಥೇರ್ ಪಾಂಚಾಲಿ’ ಶುರು ಮಾಡಿದಾಗ ಛಾಯಾಗ್ರಾಹಕ ಸುಬ್ರತ ಮಿತ್ರ ಅವರಿಗೆ ವಯಸ್ಸು ಇಪ್ಪತ್ತರ ಆಸುಪಾಸು. ಅದಕ್ಕೆ ಮೊದಲು ಅವರು ಸಿನಿಮಾ ಕ್ಯಾಮೆರಾ ನಡೆಸಿದವರೇ ಅಲ್ಲ. ಮುಂದೆ ‘ಅಪರಾಜಿತೊ’ (1956) ಚಿತ್ರಕ್ಕಾಗಿ ಕಾಶಿಯ ಮನೆಯ ಅಂಗಳವನ್ನು ಸ್ಟುಡಿಯೊದಲ್ಲಿ ಹಾಕಿದಾಗ, ಆಕಾಶದಿಂದ ಇಳಿಯುವ ಮೆದು ಬೆಳಕು ಬೇಕಿತ್ತು. ಮಿತ್ರ ಸೆಟ್ಟಿನ ಮೇಲೆ ಬಿಳಿ ಬಟ್ಟೆ ಕಟ್ಟಿಸಿದರು, ಕೆಳಗಿನಿಂದ ದೀಪಗಳನ್ನು ಅದಕ್ಕೆ ಹೊಡೆಸಿ ಬೆಳಕು ಮರಳಿ ಬೀಳುವಂತೆ ಮಾಡಿದರು. ಇಂದು ಎಲ್ಲರೂ ಬಳಸುವ ‘ಬೌನ್ಸ್ ಲೈಟಿಂಗ್’ಗೆ ಅದು ದಾರಿ ತೋರಿತು. ಅಲ್ಲಿ ಹೊಸದಾಗಿ ಬಂದದ್ದು ಕ್ಯಾಮೆರಾ ಅಲ್ಲ, ಒಂದು ಬಟ್ಟೆ ಮತ್ತು ಒಂದು ಯೋಚನೆ.

ಕನ್ನಡದ್ದೇ ಬೇಕೆಂದರೆ, ಗಿರೀಶ ಕಾಸರವಳ್ಳಿ ಅವರ ‘ಘಟಶ್ರಾದ್ಧ’ ಇದೆ. 1977ರ ಹೊತ್ತಿಗೆ ಬಣ್ಣದ ಚಿತ್ರಗಳು ಬಂದು ವರ್ಷಗಳೇ ಆಗಿದ್ದರೂ ಅದು ಕಪ್ಪು ಬಿಳುಪಿನಲ್ಲೇ ತೆರೆಗೆ ಬಂತು, ಸ್ವರ್ಣಕಮಲವನ್ನೂ ಗೆದ್ದಿತು. 2024ರಲ್ಲಿ ಅದರ ಪುನರುಜ್ಜೀವಿತ ಪ್ರತಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು. ಅದೇ ವರ್ಷ ಮೈಸೂರಿನಲ್ಲಿ ವೈದ್ಯಕೀಯ ಓದಿ, ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದ್ದ ಚಿದಾನಂದ ಎಸ್. ನಾಯ್ಕ್ ಅವರ ಕಿರುಚಿತ್ರ, ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಪಡೆಯಿತು. ಅದರ ವಸ್ತು ಯಾವುದು ಗೊತ್ತೇ? ಕೋಳಿ ಕಳುವಾಗಿ ಊರಿಗೆ ಬೆಳಗಾಗದೇ ಹೋಗುವ, ನಾವೆಲ್ಲ ಚಿಕ್ಕಂದಿನಲ್ಲಿ ಕೇಳಿದ ಅಜ್ಜಿ ಮತ್ತು ಕೋಳಿಯ ಕಥೆ.

4ಕೆ ಇಲ್ಲದಿದ್ದರೆ ನಷ್ಟವೇನು?

ಫುಲ್ ಎಚ್‌ಡಿ ಎಂದರೆ 1920×1080, ಸುಮಾರು 20.7 ಲಕ್ಷ ಪಿಕ್ಸೆಲ್. ಟಿ.ವಿ.ಯ 4ಕೆ ಇದರ ನಾಲ್ಕು ಪಟ್ಟು. ಕೇಳಲು ದೊಡ್ಡದೇ. ಆದರೆ ಡಿಜಿಟಲ್ ಚಿತ್ರಮಂದಿರಗಳ 2ಕೆ ಮಾನದಂಡ 2048×1080. ಅಂದರೆ ದೊಡ್ಡ ತೆರೆಯ ಮೇಲೆ ನಾವು ಶಿಳ್ಳೆ ಹೊಡೆದು ನೋಡುವ ಎಷ್ಟೋ ಸಿನಿಮಾಗಳು ನಿಮ್ಮ ಹಳೆಯ ಕ್ಯಾಮೆರಾದ ಫುಲ್ ಎಚ್‌ಡಿಗಿಂತ ಸ್ವಲ್ಪವೇ ಹೆಚ್ಚಿನ ಪಿಕ್ಸೆಲ್‌ನಲ್ಲಿ ಮೂಡುತ್ತವೆ. ಇನ್ನು ನಿಮ್ಮ ಕಿರುಚಿತ್ರವನ್ನು ಹೆಚ್ಚಿನವರು ನೋಡುವುದು ಬಸ್ಸಿನಲ್ಲಿ ಕೂತು, ಅಂಗೈಯಗಲದ ತೆರೆಯಲ್ಲಿ. ಅಲ್ಲಿ ಎದ್ದು ಕಾಣುವುದು ಕೆಟ್ಟ ಬೆಳಕು, ಕೇಳಿಸದ ಮಾತು, ಎಳೆದಾಡಿದ ದೃಶ್ಯ. ಈ ಮೂರನ್ನೂ ಹೊಸ ಕ್ಯಾಮೆರಾ ಸರಿ ಮಾಡುವುದಿಲ್ಲ.

ಬೆಳಕು: ಮನೆಯ ಕಿಟಕಿಗಿಂತ ಒಳ್ಳೆಯ ದೀಪ ಸುಲಭಕ್ಕೆ ಸಿಗದು. ನಟನನ್ನು ಕಿಟಕಿಗೆ ಬೆನ್ನು ಮಾಡಿ ನಿಲ್ಲಿಸಬೇಡಿ, ಕಿಟಕಿ ಪಕ್ಕಕ್ಕೆ ಬರುವಂತೆ ಕೂರಿಸಿ. ಕೋಣೆಯ ಟ್ಯೂಬ್‌ಲೈಟ್ ಆರಿಸಿ; ಹಗಲಿನ ಬೆಳಕೂ ಅದೂ ಬೆರೆತರೆ ಮುಖದ ಬಣ್ಣ ಕೆಡುತ್ತದೆ. ನೆರಳಿರುವ ಕೆನ್ನೆಯ ಕಡೆ ಒಂದು ಬಿಳಿ ಥರ್ಮಾಕೋಲ್ ಹಾಳೆ ಅಥವಾ ತೊಳೆದ ಪಂಚೆ ಹಿಡಿಯಿರಿ. ಅದನ್ನು ಮುಂದೆ ಹಿಂದೆ ಸರಿಸಿದಂತೆ ನೆರಳು ಹೇಗೆ ಬದಲಾಗುತ್ತದೆ ನೋಡಿ. ಒಂದು ಸಂಜೆ ಇದನ್ನೇ ಆಡಿದರೆ ಹತ್ತು ವಿಡಿಯೊ ನೋಡಿದ್ದಕ್ಕಿಂತ ಹೆಚ್ಚು ಕಲಿಯುತ್ತೀರಿ.

ಸೆಟ್ಟಿಂಗ್: ಕ್ಯಾಮೆರಾವನ್ನು ಆಟೊದಲ್ಲಿ ಬಿಟ್ಟರೆ ಶಾಟ್ ನಡುವೆಯೇ ಬೆಳಕು ಏರಿಳಿಯುತ್ತದೆ. ಫೋನಿನಲ್ಲಾದರೆ ಮುಖದ ಮೇಲೆ ಬೆರಳಿಟ್ಟು ಒತ್ತಿ ಹಿಡಿದು ಎಕ್ಸ್‌ಪೋಶರ್, ಫೋಕಸ್ ಲಾಕ್ ಮಾಡಿ. ಎಲ್ಲವನ್ನೂ ಕೈಯಾರೆ ಹೊಂದಿಸಬೇಕೆಂದರೆ ‘ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ’ದಂಥ ಉಚಿತ ಆ್ಯಪ್ ಇದೆ. ನಮ್ಮಲ್ಲಿ ವಿದ್ಯುತ್ 50 ಹರ್ಟ್ಸ್‌ನದು. ಹಾಗಾಗಿ 25 ಫ್ರೇಮ್ ವೇಗದಲ್ಲಿ, ಶಟರ್ 1/50ಕ್ಕೆ ಇಟ್ಟು ತೆಗೆದರೆ ಟ್ಯೂಬ್‌ಲೈಟಿನ ಕೆಳಗೆ ಪಟ್ಟೆ ಪಟ್ಟೆಯಾಗಿ ಮಿನುಗುವ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ಎಷ್ಟೋ ಜನ ‘ಕ್ಯಾಮೆರಾ ಸರಿ ಇಲ್ಲ’ ಎಂದು ಬೈಯುವುದು ಈ ಒಂದು ಅಂಕಿಯನ್ನು ಬದಲಿಸದೇ ಇದ್ದುದಕ್ಕೆ.

ಧ್ವನಿ: ಚಿತ್ರ ಕೊಂಚ ಮಸುಕಾಗಿದ್ದರೆ ನೋಡುವವರು ಸಹಿಸಿಕೊಳ್ಳುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಇನ್ನೊಂದು ಫೋನನ್ನು ನಟನ ಜೇಬಿನಲ್ಲಿಟ್ಟು, ಇಯರ್‌ಫೋನಿನ ಮೈಕನ್ನು ಕಾಲರ್ ಬಳಿ ಸಿಕ್ಕಿಸಿ ರೆಕಾರ್ಡ್ ಮಾಡಿ. ಶಾಟ್ ಶುರುವಿನಲ್ಲಿ ಒಂದು ಚಪ್ಪಾಳೆ ಹೊಡೆದರೆ ಎಡಿಟಿಂಗ್‌ನಲ್ಲಿ ಧ್ವನಿ ಮತ್ತು ದೃಶ್ಯ ಹೊಂದಿಸುವುದು ಸುಲಭ. ಫ್ಯಾನು, ಫ್ರಿಜ್ ಆಫ್ ಮಾಡಿ. ಫ್ರಿಜ್ ಆಫ್ ಮಾಡಿದಾಗ ಬೈಕಿನ ಕೀಲಿಯನ್ನು ಅದರೊಳಗೇ ಇಡುವುದು ಧ್ವನಿಗ್ರಾಹಕರ ಹಳೆಯ ಉಪಾಯ. ಹೊರಡುವಾಗ ಕೀಲಿ ಹುಡುಕುತ್ತಾ ಫ್ರಿಜ್ ನೆನಪಾಗುತ್ತದೆ, ಹಾಲೂ ಒಡೆಯುವುದಿಲ್ಲ, ಅಮ್ಮನ ಬೈಗುಳವೂ ತಪ್ಪುತ್ತದೆ.

ಎಡಿಟಿಂಗ್: ‘ಡಾವಿಂಚಿ ರಿಸಾಲ್ವ್’ನ ಉಚಿತ ಆವೃತ್ತಿಯೇ ಕಿರುಚಿತ್ರಕ್ಕೆ ಬೇಕಾದ್ದಕ್ಕಿಂತ ಹೆಚ್ಚಿದೆ. ನಿಮ್ಮ ಹಳೆಯ ಫೂಟೇಜನ್ನೇ ಮತ್ತೆ ತೆಗೆದು, ಐದು ನಿಮಿಷದ್ದನ್ನು ಎರಡು ನಿಮಿಷಕ್ಕೆ ಇಳಿಸಿ ನೋಡಿ. ಯಾವ ಶಾಟ್ ತೆಗೆಯಲೇ ಬೇಕಿರಲಿಲ್ಲ, ಯಾವುದನ್ನು ತೆಗೆಯದೇ ಬಿಟ್ಟಿರಿ ಎಂಬುದು ಆಗ ತಾನಾಗಿ ತಿಳಿಯುತ್ತದೆ.

ಮೂರು ತಿಂಗಳ ಅಭ್ಯಾಸ

ಮೊದಲ ತಿಂಗಳು ಒಂದೇ ಲೆನ್ಸ್, ಜೂಮ್ ಬೇಡ. ಹತ್ತಿರದ ಚಿತ್ರ ಬೇಕಾದರೆ ನೀವೇ ನಡೆದು ಹೋಗಿ. ವಾರಕ್ಕೊಂದರಂತೆ, ಮಾತಿಲ್ಲದ ಒಂದು ನಿಮಿಷದ ನಾಲ್ಕು ಕಥೆ ಮಾಡಿ: ಚಹಾದಂಗಡಿ ತೆರೆಯುವುದು, ತಂಗಿ ಪರೀಕ್ಷೆಗೆ ಹೊರಡುವುದು, ಏನಾದರೂ ಸರಿ.

ಎರಡನೇ ತಿಂಗಳು ಮಾತಿಗೆ ಮೀಸಲಿರಲಿ. ಇಬ್ಬರು ಎದುರು ಬದುರು ಕೂತು ಮಾತಾಡುವ ಒಂದೇ ದೃಶ್ಯವನ್ನು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮೂರು ಬೆಳಕಿನಲ್ಲಿ ತೆಗೆಯಿರಿ. ಧ್ವನಿ ಮೂರರಲ್ಲೂ ಸ್ಪಷ್ಟವಾಗಿರಬೇಕು.

ಮೂರನೇ ತಿಂಗಳು ಐದು ನಿಮಿಷದ ಒಂದು ಚಿತ್ರ. ಮುಗಿಸಿ, ಹೆಸರು ಹಾಕಿ, ನಿಮ್ಮ ಗುಂಪಿನವರಲ್ಲದ ನಾಲ್ಕು ಜನರಿಗೆ ತೋರಿಸಿ. ಅವರು ಎಲ್ಲಿ ಫೋನ್ ತೆಗೆದು ನೋಡಿದರು ಎಂಬುದನ್ನು ಸುಮ್ಮನೆ ಗಮನಿಸಿ, ಅದೇ ನಿಮ್ಮ ವಿಮರ್ಶೆ.

ಹಾಗಾದರೆ ಕೊಳ್ಳುವುದೇ ಬೇಡವೇ?

ಬೇಕಾದಾಗ ಖಂಡಿತ ಕೊಳ್ಳಬೇಕು. ಮದುವೆ ಶೂಟಿಂಗ್ ಒಪ್ಪಿಕೊಂಡವರಿಗೆ ಒಂದೇ ಮೆಮೊರಿ ಕಾರ್ಡಿನ ಕ್ಯಾಮೆರಾ ಅಪಾಯವೇ. ಕಾರ್ಡ್ ಕೆಟ್ಟರೆ ತಾಳಿ ಕಟ್ಟುವ ಕ್ಷಣವನ್ನು ಮತ್ತೆ ಮಾಡಿಸಲಾಗದು. ಯಕ್ಷಗಾನ ಬಯಲಾಟವನ್ನು ರಾತ್ರಿಯಿಡೀ ದಾಖಲಿಸುವವರಿಗೆ ಕಡಿಮೆ ಬೆಳಕಿನಲ್ಲೂ ಕಾಣುವ, ಬಿಸಿಯಾಗಿ ನಿಂತುಹೋಗದ ಕ್ಯಾಮೆರಾ ಬೇಕು. ಇವೆಲ್ಲ ಕೆಲಸವೇ ಕೇಳುವ ಅಗತ್ಯಗಳು.

ಅಗತ್ಯ ಯಾವುದು, ಆಸೆ ಯಾವುದು ಎಂದು ತಿಳಿಯಲು ಒಂದು ಚಿಕ್ಕ ಪುಸ್ತಕ ಇಡಿ. ಕ್ಯಾಮೆರಾದಿಂದಾಗಿ ಒಂದು ಶಾಟ್ ಕೈತಪ್ಪಿದಾಗಲೆಲ್ಲ ದಿನಾಂಕ ಹಾಕಿ ಬರೆಯಿರಿ. ಮುಗಿಸಿದ ಮೂರು ಕೆಲಸಗಳಲ್ಲಿ ಅದೇ ಕೊರತೆ ಮೂರು ಸಲ ಕಾಡಿದ್ದರೆ, ಮೊದಲು ಬೇಕಾದ ಕ್ಯಾಮೆರಾವನ್ನು ಒಂದು ದಿನ ಬಾಡಿಗೆಗೆ ತಂದು ನೋಡಿ. ಕೊರತೆ ನೀಗಿತು ಎಂದಾದರೆ ಆಗ ಹಣದ ಲೆಕ್ಕ ಹಾಕಿ. ಪುಸ್ತಕ ಖಾಲಿ ಇದ್ದರೆ ಅದಕ್ಕೂ ಉತ್ತರ ಸಿಕ್ಕಂತೆಯೇ. ಕೈಯಲ್ಲಿ ಸ್ವಲ್ಪ ಹಣವಿದ್ದರೆ ಕ್ಯಾಮೆರಾಗಿಂತ ಮೊದಲು ಒಂದು ಮೈಕ್, ಗಟ್ಟಿಯಾದ ಒಂದು ಟ್ರೈಪಾಡ್ ಕೊಳ್ಳಿ. ಮುಂದೆ ಯಾವ ಕ್ಯಾಮೆರಾ ಬಂದರೂ ಅವು ಜೊತೆಗಿರುತ್ತವೆ.

ಸಹಾಯಕ ನಿರ್ದೇಶಕರಾಗಿಯೋ ಎಡಿಟರ್ ಆಗಿಯೋ ಕೆಲಸ ಕೇಳಿಕೊಂಡು ಹೋದಾಗ ಎದುರಿಗಿದ್ದವರು ಹೇಳುವುದು ‘ಏನು ಮಾಡಿದ್ದೀರಿ, ತೋರಿಸಿ’ ಎಂದು. ಆಗ ತೋರಿಸಲು ಮುಗಿದ ಚಿತ್ರವೊಂದು ಬೇಕು. ಹೊಸ ಕ್ಯಾಮೆರಾದ ಬಿಲ್ ತೋರಿಸಿ ಯಾರೂ ಕೆಲಸ ಗಿಟ್ಟಿಸಿಕೊಂಡಿಲ್ಲ.

ನಿಮ್ಮೂರಲ್ಲೂ ಮುಚ್ಚುವ ಹಂತದಲ್ಲಿರುವ ಟಾಕೀಸ್ ಇರಬಹುದು, ರಸ್ತೆ ಅಗಲ ಮಾಡಲು ಕಡಿಯಲಿರುವ ಸಾಲುಮರಗಳಿರಬಹುದು, ಬೀಸುವ ಕಲ್ಲಿನ ಹಾಡು ಬಲ್ಲ ಕೊನೆಯ ಅಜ್ಜಿ ಇರಬಹುದು. ಮುಂದಿನ ವರ್ಷ ಯಾವುದು ಇರಲಿಕ್ಕಿಲ್ಲವೋ ಅದನ್ನು ಮೊದಲು ಪಟ್ಟಿ ಮಾಡಿ. ಫೋನ್ ಚಾರ್ಜ್‌ಗೆ ಹಾಕಿ, ಭಾನುವಾರ ಬೆಳಿಗ್ಗೆ ಆರಕ್ಕೆಲ್ಲ ಅಲ್ಲಿರಿ. ಆ ಹೊತ್ತಿನ ಬೆಳಕು ಚೆನ್ನಾಗಿರುತ್ತದೆ, ಬಾಡಿಗೆಯೂ ಇಲ್ಲ.