ಅರ್ಧ ತೆರೆದ ಪಬ್‌ನ ಲೆಕ್ಕ

2020ರ ಮಾರ್ಚ್ 26ರ ರಾತ್ರಿ 11 ಗಂಟೆ 59 ನಿಮಿಷಕ್ಕೆ ಸಿಂಗಪುರದ ಬಾರು, ಪಬ್ಬು, ನೈಟ್‌ಕ್ಲಬ್ಬು, ಕರಾವೊಕೆ ಕೋಣೆಗಳಿಗೆ ಸರ್ಕಾರ ಬೀಗ ಹಾಕಿಸಿತು. ಈ ವ್ಯಾಪಾರಗಳೆಲ್ಲ ಮೊದಲಿನಂತೆ ಬಾಗಿಲು ತೆರೆಯಲು ಅಪ್ಪಣೆ ಸಿಕ್ಕಿದ್ದು 2022ರ ಏಪ್ರಿಲ್ 19ರಂದು. ನಡುವೆ ಎರಡು ವರ್ಷದ ಮೇಲೆ ಮೂರು ವಾರ ಕಳೆದಿತ್ತು. ಇಷ್ಟು ಕಾಲ ಒಂದು ಪಬ್ಬು ಹೇಗೆ ಬದುಕಿ ಉಳಿಯುತ್ತದೆ, ಅದಕ್ಕೆ ದುಡ್ಡು ಹಾಕಿದವರ ಪಾಡೇನು ಎಂಬುದನ್ನು ಈ ಅಧ್ಯಾಯದಲ್ಲಿ ನೋಡೋಣ. ಅದಕ್ಕೆ ಆರಿಸಿಕೊಂಡ ಜಾಗ ಒನ್-ನಾರ್ತ್.

ಬ್ಯೂನಾ ವಿಸ್ಟಾ ಮೆಟ್ರೊ ನಿಲ್ದಾಣದ ಆಸುಪಾಸಿನಲ್ಲಿ ಸುಮಾರು 200 ಹೆಕ್ಟೇರ್ ಹರಡಿಕೊಂಡಿರುವ ಈ ಬಡಾವಣೆಯನ್ನು ಜೆಟಿಸಿ ಎಂಬ ಸರ್ಕಾರಿ ಸಂಸ್ಥೆ ಕಟ್ಟಿತು. ಒಟ್ಟು ನಕ್ಷೆ ವಾಸ್ತುಶಿಲ್ಪಿ ಜಹಾ ಹದೀದ್ ಅವರದು. ಜೀವವಿಜ್ಞಾನಕ್ಕೆ ಬಯೋಪೊಲಿಸ್, ಎಂಜಿನಿಯರಿಂಗ್ ಮತ್ತು ಮಾಹಿತಿ ತಂತ್ರಜ್ಞಾನಕ್ಕೆ ಫ್ಯೂಷನೊಪೊಲಿಸ್, ಮಾಧ್ಯಮಗಳಿಗೆ ಮೀಡಿಯಾಪೊಲಿಸ್, ಹೊಸ ಕಂಪನಿಗಳಿಗೆ ಆಯರ್ ರಾಜಾ ಕ್ರೆಸೆಂಟಿನ ಹಳೆಯ ಕಾರ್ಖಾನೆ ಕಟ್ಟಡಗಳು. ಬೆಂಗಳೂರು, ಮೈಸೂರಿನ ಕಡೆಯಿಂದ ಹೋದ ಎಂಜಿನಿಯರುಗಳೂ ಸಂಶೋಧಕರೂ ಇಲ್ಲಿ ದುಡಿಯುತ್ತಾರೆ. ಕಚೇರಿ ಬಿಟ್ಟ ಮೇಲೆ ಜನ ಸೇರಲು ಜಾಗಗಳಿವೆ. ರಾಚೆಸ್ಟರ್ ಪಾರ್ಕಿನ ಬ್ರಿಟಿಷರ ಕಾಲದ ಕಪ್ಪು-ಬಿಳಿ ಬಂಗಲೆಗಳಲ್ಲಿ ರೆಸ್ಟೊರೆಂಟುಗಳು ನಡೆದಿವೆ. ವೆಸೆಕ್ಸ್ ಎಸ್ಟೇಟಿನಲ್ಲಿ ಕೋಲ್‌ಬಾರ್ ಇದೆ. 1950ರ ದಶಕದಲ್ಲಿ ಬ್ರಿಟಿಷ್ ಸೈನಿಕರ ಕ್ಯಾಂಟೀನಾಗಿ ಹುಟ್ಟಿದ ಅದು ರಸ್ತೆ ಕಾಮಗಾರಿಗೆ ಜಾಗ ಬಿಟ್ಟುಕೊಟ್ಟು ಇಲ್ಲಿಗೆ ಬಂದು ನೆಲೆಸಿತು. 2016ರಲ್ಲಿ ಆಯರ್ ರಾಜಾ ಕ್ರೆಸೆಂಟಿನಲ್ಲಿ ಟಿಂಬರ್ ಪ್ಲಸ್ ತೆರೆಯಿತು. ಬಣ್ಣ ಬಳಿದ ಹಡಗು ಕಂಟೇನರುಗಳ ನಡುವೆ ಊಟದ ಅಂಗಡಿಗಳು, ಒಂದು ಬಾರು, ಒಂದು ವೇದಿಕೆ. ಅದನ್ನು ನಡೆಸುವ ಟಿಂಬರ್ ಕಂಪನಿ 2005ರಲ್ಲಿ ಶುರುವಾದದ್ದೇ ಹಾಡುಗಾರರನ್ನು ವೇದಿಕೆಗೇರಿಸಿ, ಕೇಳಲು ಬಂದವರಿಗೆ ಊಟ, ಬಿಯರು ಮಾರುವ ವ್ಯಾಪಾರವಾಗಿ.

ಒನ್-ನಾರ್ತ್‌ನಲ್ಲಿ ಮನೆಗಳು ಕಡಿಮೆ, ಕೆಲಸದ ಮೇಜುಗಳು ಹೆಚ್ಚು. ವಸತಿ ಬಡಾವಣೆಯ ಬಾರಿಗೆ ಲಾಕ್‌ಡೌನ್ ಸಡಿಲವಾದ ದಿನವೇ ಗಿರಾಕಿ ಮನೆಯಿಂದ ನಡೆದು ಬರುತ್ತಾನೆ. ಕಚೇರಿ ಬಡಾವಣೆಯ ಬಾರಿಗೆ ಬಾಗಿಲು ತೆರೆಯುವ ಅಪ್ಪಣೆಯ ಜೊತೆಗೆ ಕಚೇರಿಯೂ ತೆರೆಯಬೇಕು. 2020ರ ಏಪ್ರಿಲ್ 7ರಿಂದ ಜೂನ್ 1ರವರೆಗೆ ‘ಸರ್ಕ್ಯೂಟ್ ಬ್ರೇಕರ್’ ಎಂಬ ಹೆಸರಿನಲ್ಲಿ ಇಡೀ ಸಿಂಗಪುರ ಮನೆಯೊಳಗಿತ್ತು. ಆಮೇಲೂ ಮನೆಯಿಂದ ಮಾಡಬಹುದಾದ ಕೆಲಸವನ್ನು ಮನೆಯಿಂದಲೇ ಮಾಡಿ ಎಂಬ ನಿಯಮ ಬಹುಪಾಲು ಉಳಿದುಕೊಂಡಿತು. ನೂರಕ್ಕೆ ನೂರು ಜನ ಕಚೇರಿಗೆ ಬರಬಹುದು ಎಂದಾದದ್ದು 2022ರ ಏಪ್ರಿಲ್ 26ರಂದು.

ಈಗ ಒಂದು ಪಬ್ಬಿನ ತಿಂಗಳ ಲೆಕ್ಕ ಬರೆಯೋಣ. ಅಂಕಿಗಳು ಕಲ್ಪಿಸಿಕೊಂಡವು, ಲೆಕ್ಕದ ಕ್ರಮ ಮಾತ್ರ ನಿಜದ್ದು. ತಿಂಗಳ ವ್ಯಾಪಾರ ಒಂದು ಲಕ್ಷ ಸಿಂಗಪುರ ಡಾಲರ್ ಎನ್ನೋಣ. ಸಾಮಾನಿಗೆ 30,000, ಸಂಬಳಕ್ಕೆ 30,000, ಬಾಡಿಗೆಗೆ 20,000, ವಿಮೆ-ಲೈಸೆನ್ಸು-ಕರೆಂಟು ಇತ್ಯಾದಿಗೆ 8,000. ಉಳಿಯುವುದು 12,000. ಬಾಗಿಲು ಮುಚ್ಚಿದ ತಿಂಗಳಲ್ಲಿ ಸಾಮಾನಿನ ಖರ್ಚು ನಿಲ್ಲುತ್ತದೆ, ಕರೆಂಟು ಸ್ವಲ್ಪ ಇಳಿಯುತ್ತದೆ. ಸಂಬಳ, ಬಾಡಿಗೆ, ವಿಮೆ ನಿಲ್ಲುವುದಿಲ್ಲ. ಕೈಯಿಂದ 56,000 ಹೋಗುತ್ತದೆ. ಅಂದರೆ ಮುಚ್ಚಿದ ಒಂದು ತಿಂಗಳನ್ನು ತುಂಬಿಕೊಳ್ಳಲು ಒಳ್ಳೆಯ ತಿಂಗಳುಗಳು ಹತ್ತಿರ ಹತ್ತಿರ ಐದು ಬೇಕು. ಮಾರಾಟವಾಗದ ಬಟ್ಟೆ ಮುಂದಿನ ಹಬ್ಬಕ್ಕೆ ಮಾರಾಟವಾದೀತು. ಕಳೆದ ಶುಕ್ರವಾರ ಖಾಲಿ ಉಳಿದ ಕುರ್ಚಿಯನ್ನು ಈ ಶುಕ್ರವಾರ ಎರಡು ಸಲ ಮಾರಲು ಆಗುವುದಿಲ್ಲ.

ಇಲ್ಲಿ ಸರ್ಕಾರ ಕೈಹಿಡಿಯಿತು, ಮತ್ತು ಬೇಗ ಹಿಡಿಯಿತು. 2020ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಎಲ್ಲ ಉದ್ಯಮಗಳಿಗೂ ಸ್ಥಳೀಯ ನೌಕರರ ಸಂಬಳದ ಮೊದಲ 4,600 ಡಾಲರಿನ ಮೇಲೆ ಶೇ. 75ರಷ್ಟನ್ನು ಸರ್ಕಾರವೇ ಭರಿಸಿತು. ವಿದೇಶಿ ನೌಕರರ ಮೇಲಿನ ಲೆವಿಯನ್ನು ಮನ್ನಾ ಮಾಡಿತು. ಸಣ್ಣ ಬಾಡಿಗೆದಾರರಿಗೆ ನಾಲ್ಕು ತಿಂಗಳವರೆಗೆ ಬಾಡಿಗೆ ಮಾಫಿ ಸಿಗುವಂತೆ ಕಾನೂನು ತಂದಿತು. ವಾಣಿಜ್ಯ ಕಟ್ಟಡಗಳಲ್ಲಿ ಆ ಭಾರದ ಅರ್ಧ ಸರ್ಕಾರದ್ದು, ಅರ್ಧ ಕಟ್ಟಡದ ಒಡೆಯನದು. ನಮ್ಮ ಕಲ್ಪನೆಯ ಪಬ್ಬಿನ ಸಂಬಳವೆಲ್ಲ ಈ ನೆರವಿಗೆ ಅರ್ಹ ಎಂದಿಟ್ಟುಕೊಂಡರೆ 56,000ದ ನಷ್ಟ 13,500ಕ್ಕೆ ಇಳಿಯುತ್ತದೆ.

ಕಷ್ಟ ಬಿಗಿಯಾದದ್ದು ಆಮೇಲೆ. ಜೂನ್ 19ರಿಂದ ರೆಸ್ಟೊರೆಂಟಿನಲ್ಲಿ ಕೂತು ತಿನ್ನಬಹುದು ಎಂದರು. ಒಂದು ಮೇಜಿಗೆ ಐದೇ ಜನ, ಮೇಜುಗಳ ನಡುವೆ ಒಂದು ಮೀಟರ್ ಅಂತರ, ರಾತ್ರಿ 10:30ರ ನಂತರ ಮದ್ಯ ಕೊಡುವಂತಿಲ್ಲ, ಹಾಡು-ವಾದ್ಯ ಇಲ್ಲ. ಆ 10:30 ಸಿಂಗಪುರದವರಿಗೆ ಹೊಸ ಗಡುವೇನಲ್ಲ. ಸಾರ್ವಜನಿಕ ಜಾಗದಲ್ಲಿ ಆ ಹೊತ್ತಿನ ಮೇಲೆ ಕುಡಿಯಬಾರದೆಂಬ ಕಾನೂನು 2015ರ ಏಪ್ರಿಲ್ 1ರಿಂದಲೇ ಇದೆ. ಆದರೆ ಪಬ್ಬಿನ ವ್ಯಾಪಾರ ಕುದುರುವುದೇ ಆ ಹೊತ್ತಿಗೆ. ನಮ್ಮ ಪಬ್ಬು ರೆಸ್ಟೊರೆಂಟಿನ ಲೈಸೆನ್ಸಿನಲ್ಲಿ ತೆರೆಯಿತು, ವ್ಯಾಪಾರ ಅರ್ಧಕ್ಕೆ ಇಳಿಯಿತು ಎಂದು ಲೆಕ್ಕ ಹಾಕಿ. ಬಂದದ್ದು 50,000. ಸಾಮಾನಿಗೆ 15,000. ಉಳಿದ ಖರ್ಚು ಮೊದಲಿನಷ್ಟೇ, 58,000. ನಷ್ಟ 23,000. ಸಂಬಳದ ನೆರವು ಆಹಾರ ಸೇವೆಯ ವ್ಯಾಪಾರಗಳಿಗೆ 2020ರ ಆಗಸ್ಟಿನವರೆಗೆ ಶೇ. 50, ಸೆಪ್ಟೆಂಬರಿನಿಂದ ಶೇ. 30, 2021ರ ಏಪ್ರಿಲಿನಿಂದ ಶೇ. 10 ಎಂದು ಇಳಿಯುತ್ತ ಹೋಯಿತು. ಶೇ. 30ರ ನೆರವು ಸೇರಿಸಿದರೂ ಅರ್ಧ ತೆರೆದ ಪಬ್ಬಿನ ನಷ್ಟ 14,000. ನೆರವು ಪಡೆದು ಪೂರ್ತಿ ಮುಚ್ಚಿಕೊಂಡಿದ್ದ ತಿಂಗಳಿಗಿಂತ ಹೆಚ್ಚು! ಶೇ. 10ಕ್ಕೆ ಇಳಿದಾಗ ಅದು 20,000 ಮುಟ್ಟುತ್ತದೆ. ಪೂರ್ತಿ ಮುಚ್ಚಿದ ಬಾಗಿಲನ್ನು ಎಲ್ಲರೂ ನೋಡಿ ಮರುಗಿದರು. ಉದ್ಯಮದ ಬಂಡವಾಳವನ್ನು ನಿಧಾನವಾಗಿ ತಿಂದು ಮುಗಿಸಿದ್ದು ಅರ್ಧ ತೆರೆದ ಬಾಗಿಲು.

ಮುಚ್ಚಿಸಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಮುಚ್ಚಿದ ಕೋಣೆ, ಮಾಸ್ಕ್ ತೆಗೆದ ಮುಖ, ಗಂಟೆಗಟ್ಟಲೆ ಕೂತ ಗುಂಪು, ಸಂಗೀತದ ಮೇಲೆ ಕೇಳಿಸಲೆಂದು ಏರಿದ ದನಿ: ವೈರಾಣು ಹರಡಲು ಇದಕ್ಕಿಂತ ಅನುಕೂಲದ ಜಾಗ ಸಿಗುವುದು ಕಷ್ಟ. ಲಸಿಕೆ ಇಲ್ಲದ ದಿನಗಳಲ್ಲಿ ಪಬ್ಬು ಮುಚ್ಚಿಸಿ ಜೀವ ಉಳಿಸಿದ್ದು ಸರಿಯೇ. ಎಲ್ಲರ ಆರೋಗ್ಯಕ್ಕಾಗಿ ಒಂದು ವ್ಯಾಪಾರವನ್ನು ಅರ್ಧಕ್ಕೆ ನಿಲ್ಲಿಸಿದ ಮೇಲೆ, ಆ ನಿರ್ಬಂಧ ಇರುವಷ್ಟು ದಿನವೂ ನೆರವು ಅದರ ಜೊತೆಗೇ ಇರಬೇಕಿತ್ತು ಎಂಬುದಷ್ಟೇ ನನ್ನ ಮಾತು. 2021ರ ಮೇ 16ರಿಂದ ಐದು ವಾರ, ಮತ್ತೆ ಜುಲೈ 22ರಿಂದ ಕೆಲವು ವಾರ ಕೂತು ತಿನ್ನುವುದು ನಿಂತಾಗ ಸಿಂಗಪುರ ನೆರವನ್ನು ಪುನಃ ಏರಿಸಿತು. ಆದರೆ ಯಾವ ತಿಂಗಳು ಯಾವ ನಿಯಮ ಬರುತ್ತದೆಂದು ತಿಳಿಯದೆ ಬಿಯರಿಗೆ ಆರ್ಡರು ಹಾಕುವುದು, ಅಡುಗೆಯವರನ್ನು ಉಳಿಸಿಕೊಳ್ಳುವುದು ಎಷ್ಟು ಕಷ್ಟ ಎಂಬುದನ್ನು ಹೋಟೆಲು ನಡೆಸಿದವರೇ ಬಲ್ಲರು.

ಯಾರು ತೆರೆಯಬಹುದು ಎಂಬುದನ್ನು ತೀರ್ಮಾನಿಸಿದ್ದು ಲೈಸೆನ್ಸಿನ ಕಾಗದ. ಊಟದ ಜೊತೆ ಮದ್ಯ ಮಾರುವ ರೆಸ್ಟೊರೆಂಟು 2020ರ ಜೂನಿನಲ್ಲೇ ತೆರೆಯಿತು. ಪಕ್ಕದಲ್ಲೇ ಅದೇ ಬಿಯರು ಮಾರುತ್ತಿದ್ದರೂ ಪಬ್ಬೆಂದು ದಾಖಲಾದದ್ದು ಮುಚ್ಚಿಯೇ ಇತ್ತು. ಆ ನವೆಂಬರಿನಲ್ಲಿ ಸರ್ಕಾರ ಎರಡು ದಾರಿ ತೋರಿಸಿತು. ರೆಸ್ಟೊರೆಂಟು ಮುಂತಾದ ಬೇರೆ ವ್ಯಾಪಾರಕ್ಕೆ ಹೊರಳಿದರೆ 50,000 ಡಾಲರ್‌ವರೆಗೆ ಸಹಾಯ, ವ್ಯಾಪಾರವನ್ನೇ ಬಿಟ್ಟರೆ 30,000 ಡಾಲರ್ ಪರಿಹಾರ. ನೂರಾರು ಜನ ಅಡುಗೆಮನೆ ಕಟ್ಟಿಸಿ ಹೊರಳಿದರು. 2021ರ ಜುಲೈನಲ್ಲಿ ಕರಾವೊಕೆ ಲೌಂಜುಗಳಿಂದ ಸೋಂಕು ಹಬ್ಬಿತು. ಹಾಗೆ ಹೊರಳಿದ್ದ 400ಕ್ಕೂ ಹೆಚ್ಚು ಅಂಗಡಿಗಳನ್ನು, ನಿಯಮ ಮುರಿದವು, ಮುರಿಯದವು ಎಂಬ ಭೇದವಿಲ್ಲದೆ, ಜುಲೈ 16ರಿಂದ ಎರಡು ವಾರ ಮುಚ್ಚಿಸಿದರು. ಪ್ರಾಮಾಣಿಕವಾಗಿ ನೂಡಲ್ಸ್ ಬೇಯಿಸುತ್ತಿದ್ದವರ ಎದೆ ಒಡೆದಿರಬೇಕು.

ಟಿಂಬರ್ ಪ್ಲಸ್‌ನಂಥ ಜಾಗಕ್ಕೆ ಊಟದ ಅಂಗಡಿಗಳ ಆಸರೆ ಇತ್ತು. ಆದರೆ ಅದರ ಹೆಸರಿಗೆ ಕಾರಣವಾದ ವೇದಿಕೆ ಸುಮ್ಮನಾಯಿತು. ಊಟ-ಬಾರಿನ ಜಾಗಗಳಲ್ಲಿ ಹಾಡುಗಾರಿಕೆಗೆ ಮತ್ತೆ ಅವಕಾಶ ಸಿಕ್ಕಿದ್ದು 2022ರ ಮಾರ್ಚ್ 29ರಂದು. ಅದೇ ದಿನ 10:30ರ ಗಡುವೂ ಹೋಯಿತು. ಅದಕ್ಕೂ ಮೊದಲು ಒಂದು ಹಂತದಲ್ಲಿ ಧ್ವನಿಮುದ್ರಿತ ಸಂಗೀತಕ್ಕೂ ನಿಷೇಧವಿತ್ತು. ಮೆಲುದನಿಯ ಹಿನ್ನೆಲೆ ಸಂಗೀತಕ್ಕೆ ಒಪ್ಪಿಗೆ ಸಿಕ್ಕಿದ್ದು 2021ರ ನವೆಂಬರ್ 10ರಿಂದ. ಗಿರಾಕಿಯನ್ನು ಕೂರಿಸಿಕೊಳ್ಳುವ ಗುಣವೇ ಹೋದಾಗ ಅವನು ಎರಡನೆಯ ಗ್ಲಾಸು ಹೇಳದೆ ಎದ್ದು ಹೋಗುತ್ತಾನೆ. ಕುರ್ಚಿ ತುಂಬಿದ್ದರೂ ಬಿಲ್ಲು ಸಣ್ಣದು.

ಇನ್ನು ಹಣ ಹಾಕಿದವರ ಮಾತು. ಸಿಂಗಪುರದಲ್ಲೂ ಬೆಂಗಳೂರಿನಲ್ಲೂ ಬಹುಪಾಲು ಪಬ್ಬುಗಳ ಬಂಡವಾಳ ಷೇರುಪೇಟೆಯಿಂದ ಬಂದದ್ದಲ್ಲ. ನಾಲ್ಕು ಜನ ಗೆಳೆಯರು, ಒಬ್ಬ ಭಾವ, ಉಳಿತಾಯದ ಒಂದು ಪಾಲು ಹಾಕಿದ ಇಬ್ಬರು ಸಹೋದ್ಯೋಗಿಗಳು. ಕಂಪನಿಯ ದುಡ್ಡು ಹಂಚುವ ಸರತಿಯಲ್ಲಿ ಇವರು ಕೊನೆಯವರು. ನೌಕರರು, ತೆರಿಗೆ, ಬ್ಯಾಂಕು, ಕಟ್ಟಡದ ಒಡೆಯ, ಬಿಯರು ಕೊಟ್ಟವರು ಎಲ್ಲರೂ ಅವರಿಗಿಂತ ಮುಂದೆ. ಸಂಕಟದಲ್ಲಿ ಸಿಂಗಪುರ ಸರ್ಕಾರ ಬ್ಯಾಂಕ್ ಸಾಲಗಳ ಅಪಾಯದಲ್ಲಿ ಶೇ. 90ರವರೆಗೆ ತಾನೇ ಹೊತ್ತು ಸುಲಭದ ಬಡ್ಡಿಗೆ ಸಾಲ ಕೊಡಿಸಿತು. ಅದು ಪಬ್ಬನ್ನು ಉಳಿಸಿತು ನಿಜ. ಆದರೆ ಬಂದ ಪ್ರತಿ ಡಾಲರ್ ಸಾಲವೂ ಸರತಿಯಲ್ಲಿ ಪಾಲುದಾರನ ಮುಂದೆ ಬಂದು ನಿಂತಿತು. ಅಂಗಡಿ ಬದುಕಿ, ಅದರಲ್ಲಿ ಹಣ ಹಾಕಿದವನ ಪಾಲು ಬರಿದಾಗುವುದು ಹೀಗೆ. ಸಾಲಕ್ಕೆ ನಿರ್ದೇಶಕ ಸ್ವಂತ ಜಾಮೀನು ಬರೆದುಕೊಟ್ಟಿದ್ದರೆ ‘ಪ್ರೈವೇಟ್ ಲಿಮಿಟೆಡ್’ ಎಂಬ ಬೇಲಿಯೂ ಅವನ ಮನೆಯನ್ನು ಕಾಯುವುದಿಲ್ಲ. ಕಂಪನಿಯನ್ನು ಗೌರವದಿಂದ ಮುಚ್ಚಲು ಸಣ್ಣವರಿಗೆ ಕಡಿಮೆ ಖರ್ಚಿನ ದಾರಿಯೊಂದನ್ನು ಸಿಂಗಪುರ 2021ರ ಜನವರಿ 29ರಿಂದ ತೆರೆಯಿತು. ಅದು ಬೇಕಾಗಿತ್ತು.

ಷೇರುಪೇಟೆಯಲ್ಲಿರುವ ಪಬ್ಬಿನ ಕಥೆಗೆ ಬ್ರಿಟನ್ನಿನ ವೆದರ್‌ಸ್ಪೂನ್ ನೋಡಿ. 2020ರ ಮಾರ್ಚ್ 20ರ ರಾತ್ರಿ ಅಲ್ಲಿ ಪಬ್ಬುಗಳು ಮುಚ್ಚಿದವು. ಕೈಯಲ್ಲಿ ನಗದು ಬೇಕಾದ ಕಂಪನಿ ಏಪ್ರಿಲಿನಲ್ಲಿ 9 ಪೌಂಡಿಗೊಂದರಂತೆ ಹೊಸ ಷೇರು ಮಾರಿ ಸುಮಾರು 14 ಕೋಟಿ ಪೌಂಡ್ ಎತ್ತಿತು. 2021ರ ಜನವರಿಯಲ್ಲಿ ಮತ್ತೆ 9 ಕೋಟಿಗೂ ಹೆಚ್ಚು ಎತ್ತಿತು. ಸುಮಾರು 10.5 ಕೋಟಿ ಇದ್ದ ಷೇರುಗಳು 12.9 ಕೋಟಿಯ ಹತ್ತಿರ ಬಂದವು. ಮೊದಲು ಕಂಪನಿಯ ನೂರರಲ್ಲಿ ಒಂದು ಪಾಲು ಹೊಂದಿ, ಹೊಸ ಷೇರು ಕೊಳ್ಳದೆ ಉಳಿದವನ ಹಕ್ಕು ನೂರರಲ್ಲಿ ಮುಕ್ಕಾಲಿಗಿಂತ ತುಸು ಮೇಲೆ ಎಂಬ ಮಟ್ಟಕ್ಕೆ ಇಳಿಯಿತು. ಪಬ್ಬು ಉಳಿಯಿತು, ಲಾಭಾಂಶ ನಿಂತಿತು, ಪಾಲು ಕುಗ್ಗಿತು. ಬೆಲೆಫಲಕದಲ್ಲಿ ಷೇರು ಮೇಲೆದ್ದರೂ ಈ ಕುಗ್ಗಿದ್ದು ಮರಳುವುದಿಲ್ಲ.

ಬಿಯರು ತಯಾರಿಸುವವರ ಸ್ಥಿತಿ ಬೇರೆ. ಸಿಂಗಪುರದ ಟೈಗರ್ ಬಿಯರು 2012ರಿಂದ ಹೈನೆಕೆನ್ ಕೈಯಲ್ಲಿದೆ. ಬೆಂಗಳೂರಿನ ಯುನೈಟೆಡ್ ಬ್ರೂವರೀಸ್‌ನಲ್ಲಿ ಅದೇ ಹೈನೆಕೆನ್ ಬಹುಪಾಲಿನ ಒಡೆತನ ಪಡೆದದ್ದು 2021ರ ಜೂನಿನಲ್ಲಿ, ಕೊರೊನಾದ ನಡುವೆಯೇ. 2020ರಲ್ಲಿ ಹೈನೆಕೆನ್ 20 ಕೋಟಿ ಯೂರೊಗೂ ಹೆಚ್ಚು ನಿವ್ವಳ ನಷ್ಟ ತೋರಿಸಿತು. ಆದರೂ ಅದಕ್ಕೆ ಎರಡನೆಯ ಬಾಗಿಲಿತ್ತು. ಪಬ್ಬಿಗೆ ಹೋಗದ ಬಿಯರು ಬಾಟಲಿ, ಕ್ಯಾನುಗಳಲ್ಲಿ ಅಂಗಡಿಯ ಮೂಲಕ ಮನೆಗೆ ಹೋಯಿತು. ಪಬ್ಬಿಗೆ ಆ ದಾರಿ ಇಲ್ಲ, ಏಕೆಂದರೆ ಅದು ಮಾರುವುದು ಕೂರುವ ಜಾಗವನ್ನು.

ನಮ್ಮ ಕಡೆ ಇದೇ ಮಾತು ಇನ್ನೂ ಒರಟಾಗಿ ಕಂಡಿತು. ಕರ್ನಾಟಕದಲ್ಲಿ 2020ರ ಮಾರ್ಚ್ ಮಧ್ಯದಲ್ಲೇ ಪಬ್ಬುಗಳು ಮುಚ್ಚಿದವು. ಮೇ 4ರಂದು ಮದ್ಯದಂಗಡಿಗಳು ತೆರೆದಾಗ ಬೆಂಗಳೂರಿನ ಬೀದಿಗಳಲ್ಲಿ ಕಂಡ ಉದ್ದನೆಯ ಸಾಲುಗಳು ಎಲ್ಲರಿಗೂ ನೆನಪಿವೆ. ಪಬ್ಬಿನಲ್ಲಿ ಕೂತು ಕುಡಿಯಲು ಅವಕಾಶ ಸಿಕ್ಕಿದ್ದು ಸೆಪ್ಟೆಂಬರ್ 1ರಂದು. ಮೈಕ್ರೊಬ್ರೂವರಿಗಳಿಗೆ ಇನ್ನೊಂದು ಕಷ್ಟ: ಅವರ ತಾಜಾ ಬಿಯರು ಬಾಟಲಿ ಬಿಯರಿನಂತೆ ತಿಂಗಳುಗಟ್ಟಲೆ ಉಳಿಯುವುದಿಲ್ಲ, ತೊಟ್ಟಿಯಲ್ಲಿದ್ದದ್ದು ಹಾಳಾಗುತ್ತದೆ. ರಿಸರ್ವ್ ಬ್ಯಾಂಕು ಆಗಸ್ಟ್ ಕೊನೆಯವರೆಗೆ ಸಾಲದ ಕಂತು ಮುಂದೂಡಲು ಬಿಟ್ಟಿತು, ಬಡ್ಡಿ ಮಾತ್ರ ಬೆಳೆಯುತ್ತಲೇ ಇತ್ತು. ಸಂಬಳದ ಮುಕ್ಕಾಲು ಪಾಲನ್ನು ಸರ್ಕಾರ ಕೊಡುವ ಸಿಂಗಪುರದಂಥ ಏರ್ಪಾಡು ಇಲ್ಲಿರಲಿಲ್ಲ. ಹಾಗಾಗಿ ಇಲ್ಲಿನ ನಷ್ಟ ಮೊದಲು ಬಿದ್ದದ್ದು ಊರಿಗೆ ಮರಳಿದ ವೇಟರು, ಅಡುಗೆಯವರ ಮೇಲೆ. ಹಣ ಹಾಕಿದವರ ಸರದಿ ಆಮೇಲೆ ಬಂತು.

ಹಾಗಾದರೆ ಪಬ್ಬಿಗೆ ಹಣ ಹಾಕುವವರು ಮೊದಲು ಕೇಳಬೇಕಾದದ್ದು ಯಾವುದು? ಬಾಡಿಗೆ ಕರಾರಿನಲ್ಲಿ, ಸರ್ಕಾರ ಮುಚ್ಚಿಸಿದರೆ ಬಾಡಿಗೆ ಏನಾಗುತ್ತದೆ ಎಂದು ಬರೆದಿದೆಯೇ? ಬಾಡಿಗೆಯ ಒಂದು ಭಾಗ ವ್ಯಾಪಾರದ ಮೊತ್ತಕ್ಕೆ ತಕ್ಕಂತೆ ಏರಿಳಿಯುತ್ತದೆಯೇ? ಲೈಸೆನ್ಸಿನಲ್ಲಿ ಅಡುಗೆಮನೆಗೆ ಜಾಗವಿದೆಯೇ? ವಿಮೆ ಬೆಂಕಿ, ಪ್ರವಾಹಗಳ ಜೊತೆ ಸಾಂಕ್ರಾಮಿಕದ ಮುಚ್ಚುಗಡೆಯನ್ನೂ ಒಳಗೊಂಡಿದೆಯೇ? ಒನ್-ನಾರ್ತ್‌ನಂಥ ಕಚೇರಿ ಬಡಾವಣೆಯಲ್ಲಿ ಇನ್ನೊಂದು ಪ್ರಶ್ನೆ ಸೇರುತ್ತದೆ: ಮೇಲಿನ ಮಹಡಿಯವರು ವಾರಕ್ಕೆ ಎಷ್ಟು ದಿನ ಕಚೇರಿಗೆ ಬರುತ್ತಾರೆ? ಸಿಂಗಪುರದಲ್ಲಿ ಮನೆಯಿಂದ ಕೆಲಸದಂಥ ಅನುಕೂಲವನ್ನು ನೌಕರರು ವಿಧಿಪೂರ್ವಕ ಕೇಳಿಕೊಳ್ಳುವ ಮಾರ್ಗಸೂಚಿ 2024ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ನೌಕರರಿಗೆ ಅದು ಒಳ್ಳೆಯದೇ. ಶುಕ್ರವಾರ ಸಂಜೆಯ ಮೇಜುಗಳನ್ನು ನಂಬಿ ಬಾಡಿಗೆಗೆ ಸಹಿ ಹಾಕಿದ ಪಬ್ಬಿನವರು ಮಾತ್ರ ಐದು ದಿನದ ಬಾಡಿಗೆಯನ್ನು ಮೂರು ದಿನದ ಗಿರಾಕಿಗಳಿಂದ ಹೊರಡಿಸುವ ಲೆಕ್ಕವನ್ನು ಈಗಲೂ ಹಾಕುತ್ತಿರಬೇಕಾಗುತ್ತದೆ.