ಯಂತ್ರಕ್ಕೆ ತಕ್ಕ ಎಣ್ಣೆ

ಕಾವ್ಯ, ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಇಂಜಿನ್ ಎಣ್ಣೆಯ ಮಾತೇಕೆ ಎಂದು ಗುರುಗಳೂ ಮಿತ್ರರೂ ಕೇಳಬಹುದು. ಉತ್ತರ ಸರಳವಾಗಿದೆ. ನಮ್ಮಲ್ಲಿ ಬಹುಮಂದಿ ತೋಟ ಗದ್ದೆಗಳ ಮನೆಗಳಿಂದ ಬಂದವರು. ಆಳುಗಳು ಸಿಗುವುದು ಕಷ್ಟವಾದಂತೆಲ್ಲ ಹುಲ್ಲು ಹೊಡೆಯುವ ಮೆಷಿನ್, ಔಷಧಿ ಹೊಡೆಯುವ ಪಂಪು, ಮರ ಕೊಯ್ಯುವ ಮೆಷಿನ್ ಹೀಗೆ ಒಂದೊಂದೇ ಸಣ್ಣ ಯಂತ್ರ ನಮ್ಮ ಕೊಟ್ಟಿಗೆಯ ಮೂಲೆಯನ್ನು ಸೇರಿದೆ. ಅವನ್ನು ಕೊಂಡ ಹಣದಲ್ಲಿ ಸಾಲದ ಪಾಲೂ ಉಂಟು. ಇಂಥ ಯಂತ್ರ ಹತ್ತು ವರ್ಷ ಬಾಳುವುದೋ ಒಂದೇ ಮಳೆಗಾಲದಲ್ಲಿ ಕೈಕೊಡುವುದೋ ಎಂಬುದು ಬಹುಮಟ್ಟಿಗೆ ನಾವು ಹಾಕುವ ಎಣ್ಣೆಯನ್ನು ಅವಲಂಬಿಸಿದೆ. ಎಣ್ಣೆಯ ಡಬ್ಬಿಯ ಮೇಲಿನ ಬರಹವಾದರೋ ಇಂಗ್ಲಿಷಿನಲ್ಲಿ, ಅದೂ ಗುಪ್ತಲಿಪಿಯಂತಹ ಅಕ್ಷರ ಅಂಕೆಗಳಲ್ಲಿ ಇರುತ್ತದೆ. ಅನೇಕ ಮನೆಗಳಲ್ಲಿ ಅದನ್ನು ಓದಿ ಹೇಳಬೇಕಾದವರು ನಾವೇ.

ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕಿದ ಹಿರಿಯರಿಗೆ ಎಣ್ಣೆಯ ಮೊದಲ ಗುಣ ತಿಳಿದೇ ಇತ್ತು. ಉಜ್ಜುವ ಎರಡು ಲೋಹಗಳ ನಡುವೆ ಒಂದು ತೆಳುಪದರವಾಗಿ ನಿಂತು ಅವು ಸವೆಯದಂತೆ ಕಾಯುವುದೇ ಆ ಗುಣ. ಇಂಜಿನ್ನಿನಲ್ಲಿ ಎಣ್ಣೆಗೆ ಬೇರೆ ಕೆಲಸಗಳೂ ಇವೆ. ಅದು ಶಾಖವನ್ನು ಹೊತ್ತೊಯ್ಯಬೇಕು, ಮಸಿಯನ್ನು ತೊಳೆಯಬೇಕು, ತುಕ್ಕನ್ನು ತಡೆಯಬೇಕು, ಪಿಸ್ಟನ್ನಿಗೂ ಸಿಲಿಂಡರಿಗೂ ನಡುವಣ ಕೂದಲೆಳೆಯಷ್ಟು ಸಂದಿನಲ್ಲಿ ಅನಿಲ ಸೋರದಂತೆ ಮುಚ್ಚಬೇಕು. ಹುಲ್ಲು ಹೊಡೆಯುವ ಮೆಷಿನ್ನಿನ ಇಂಜಿನ್ನು ನಿಮಿಷಕ್ಕೆ 7,000 ಸುತ್ತುಗಳಿಗೂ ಮೀರಿ ತಿರುಗುವುದುಂಟು. ಅದನ್ನು ತಂಪುಮಾಡಲು ನೀರಿಲ್ಲ. ಬೀಸುವ ಗಾಳಿಯೊಂದೇ ಗತಿ. ಆದುದರಿಂದ ದೊಡ್ಡ ವಾಹನಕ್ಕಿಂತಲೂ ಈ ಪುಟ್ಟ ಯಂತ್ರಕ್ಕೆ ಎಣ್ಣೆಯ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು.

ಅಂಗಡಿಯಲ್ಲಿ ನಿಂತು "ಒಳ್ಳೆಯ ಎಣ್ಣೆ ಯಾವುದು?" ಎಂದು ಕೇಳುವವರೇ ಹೆಚ್ಚು. ಆ ಪ್ರಶ್ನೆಗೆ ಉತ್ತರವಿಲ್ಲ. ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ನನ್ನ ಯಂತ್ರದಲ್ಲಿ ಎಣ್ಣೆ ಎಲ್ಲಿ ಇರುತ್ತದೆ?

ಜರ್ಮನಿಯ ನಿಕೊಲಾಸ್ ಓಟೊ 1876ರಲ್ಲಿ ಸಿದ್ಧಗೊಳಿಸಿದ ನಾಲ್ಕು ಹೊಡೆತದ, ಎಂದರೆ ಫೋರ್-ಸ್ಟ್ರೋಕ್, ಇಂಜಿನ್ನಿನ ವಂಶದವುಗಳಲ್ಲಿ ಎಣ್ಣೆಯು ಇಂಜಿನ್ನಿನ ತಳದಲ್ಲಿ ಬೇರೆಯಾಗಿ ನಿಂತಿರುತ್ತದೆ. ಅಲ್ಲಿಂದ ಮೇಲೆ ಚಿಮ್ಮಿ, ಕೆಲಸ ಮಾಡಿ, ಮತ್ತೆ ಕೆಳಗಿಳಿಯುತ್ತದೆ. ಅದೇ ಎಣ್ಣೆ ಹತ್ತಾರು ಗಂಟೆ ದುಡಿಯುತ್ತದೆ. ಸಾಮಾನ್ಯ ಟೂ-ಸ್ಟ್ರೋಕ್ ಸಣ್ಣ ಇಂಜಿನ್ನುಗಳಲ್ಲಿ ಇಂಥ ಎಣ್ಣೆಯ ಕೊಳವೇ ಇಲ್ಲ. ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಇಂಜಿನ್ನಿನ ತಳದ ಮೂಲಕವೇ ಹಾದುಹೋಗುವುದರಿಂದ ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಬೆರೆಸಿ ಕಳುಹಿಸಬೇಕು. ಅದು ದಾರಿಯಲ್ಲಿ ಬೇರಿಂಗು, ಪಿಸ್ಟನ್ನುಗಳನ್ನು ಸವರಿಕೊಂಡು ಹೋಗಿ, ಕೊನೆಗೆ ಪೆಟ್ರೋಲಿನೊಡನೆ ಉರಿದುಹೋಗುತ್ತದೆ.

ಒಂದರ ಎಣ್ಣೆ ಬಾಳಬೇಕು, ಇನ್ನೊಂದರ ಎಣ್ಣೆ ಶುಚಿಯಾಗಿ ಉರಿಯಬೇಕು. ಎರಡು ಬಗೆಯ ಎಣ್ಣೆ ಇರುವುದಕ್ಕೆ ಕಾರಣ ಇಷ್ಟೆ. ಗುರುತಿಸುವುದೂ ಸುಲಭ. ಪೆಟ್ರೋಲು ಟ್ಯಾಂಕಿನ ಮುಚ್ಚಳದ ಹೊರತಾಗಿ, ಇಂಜಿನ್ನಿನ ಕೆಳಭಾಗದಲ್ಲಿ ಎಣ್ಣೆ ತುಂಬುವ ಇನ್ನೊಂದು ಮುಚ್ಚಳವಿದೆಯೇ ಎಂದು ನೋಡಿ. ಇದ್ದರೆ ಪೆಟ್ರೋಲಿಗೆ ಎಣ್ಣೆ ಬೆರೆಸಬೇಡಿ. ಇಲ್ಲವಾದರೆ ಬೆರೆಸಲೇಬೇಕು. ಬೆರೆಸಿದ ಪೆಟ್ರೋಲಿನಿಂದಲೇ ಓಡುವ ಕೆಲವು ಫೋರ್-ಸ್ಟ್ರೋಕ್ ಇಂಜಿನ್ನುಗಳೂ ಇರುವುದರಿಂದ, ಹೆಸರಿಗಿಂತ ಈ ಮುಚ್ಚಳದ ಪರೀಕ್ಷೆ ಹೆಚ್ಚು ನಂಬತಕ್ಕದ್ದು.

ಈ ಭೇದವನ್ನು ಕಡೆಗಣಿಸಿದರೆ ಏನಾಗುವುದೆಂಬುದನ್ನು ನಮ್ಮೂರಿನಲ್ಲಿ ಕಂಡಿದ್ದೇನೆ. ಅಡಕೆ ತೋಟಕ್ಕೆ ಕೊಳೆರೋಗ ಬಾರದಂತೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಮಳೆಗಾಲದ ಆರಂಭದಲ್ಲಿ ಒಮ್ಮೆ, 40-45 ದಿನಗಳ ಮೇಲೆ ಇನ್ನೊಮ್ಮೆ ಹೊಡೆಯಬೇಕು. ಎರಡನೆಯ ಸಲಕ್ಕೆ ಮಳೆ ಹೊಳವಾಗುವುದನ್ನೇ ಕಾದಿರಬೇಕು. ನೆರೆಮನೆಯ ಯಜಮಾನರ ಪಂಪಿಗೆ ಟೂ-ಸ್ಟ್ರೋಕ್ ಇಂಜಿನ್ನು. "ಎಣ್ಣೆ ಎಲ್ಲ ಒಂದೇ" ಎಂಬ ಯಾರದೋ ಮಾತು ಕೇಳಿ ಅವರು ಟ್ರಾಕ್ಟರಿನ ಎಣ್ಣೆಯನ್ನೇ ಪೆಟ್ರೋಲಿಗೆ ಬೆರೆಸುತ್ತಿದ್ದರು. ಕೆಲವು ದಿನ ಹೊಗೆಯುಗುಳುತ್ತ ಓಡಿದ ಇಂಜಿನ್ನು, ಕೊನೆಗಾರ ಬಂದು ನಿಂತ ದಿನವೇ ನಿಂತುಹೋಯಿತು. ಬಿಚ್ಚಿ ನೋಡಿದರೆ ಸ್ಪಾರ್ಕ್ ಪ್ಲಗ್ಗಿಗೆ ಕರಿಯ ಹೆಪ್ಪು, ಹೊಗೆ ಹೋಗುವ ಕಂಡಿ ಅರ್ಧ ಮುಚ್ಚಿತ್ತು, ಪಿಸ್ಟನ್ ರಿಂಗು ಕಚ್ಚಿಕೊಂಡಿತ್ತು. ದುರಸ್ತಿಯಾಗುವಷ್ಟರಲ್ಲಿ ಮಳೆ ಮತ್ತೆ ಹಿಡಿಯಿತು. ಕೊನೆಗಾರ ಬೇರೆ ತೋಟಕ್ಕೆ ಹೋದ. ಆ ವರ್ಷ ಅವರ ತೋಟದಲ್ಲಿ ಉದುರಿದ ಕಾಯಿಗಳ ಮುಂದೆ ಉಳಿಸಿದ ಎಣ್ಣೆಯ ಹಣ ಯಾವ ಲೆಕ್ಕ?

ಕಾರಣವನ್ನು ಹೇಳುತ್ತೇನೆ. ಬಹುಕಾಲ ದುಡಿಯಬೇಕಾದ ಎಣ್ಣೆಗೆ ಮಸಿ ತೊಳೆಯುವ, ಸವೆತ ತಡೆಯುವ ಕ್ಯಾಲ್ಸಿಯಂ, ಸತು ಮೊದಲಾದ ಲೋಹಗಳ ಸಂಯುಕ್ತಗಳನ್ನು ಸೇರಿಸಿರುತ್ತಾರೆ. ತಳದಲ್ಲಿ ನಿಂತಿರುವಾಗ ಅವು ಉಪಕಾರಿಗಳು. ಉರಿದಾಗ ಬೂದಿಯಾಗಿ ಅಂಟಿಕೊಳ್ಳುತ್ತವೆ. ಟೂ-ಸ್ಟ್ರೋಕ್ ಎಣ್ಣೆಯನ್ನು ಬೂದಿ ಕಡಿಮೆಯಾಗುವಂತೆಯೂ ಪೆಟ್ರೋಲಿನಲ್ಲಿ ಚೆನ್ನಾಗಿ ಬೆರೆಯುವಂತೆಯೂ ತಯಾರಿಸುತ್ತಾರೆ. ಅದರ ಡಬ್ಬಿಯ ಮೇಲೆ "ಎ.ಪಿ.ಐ. ಟಿ.ಸಿ." ಎಂಬ ಅಮೆರಿಕದ ಗುರುತನ್ನಾಗಲಿ, "ಜಾಸೋ ಎಫ್.ಸಿ." ಅಥವಾ "ಎಫ್.ಡಿ." ಎಂಬ ಜಪಾನಿನ ಗುರುತನ್ನಾಗಲಿ ಹುಡುಕಬೇಕು. ಎಫ್.ಸಿ. ಎಂದರೆ ಹೊಗೆ ಕಡಿಮೆಯ ದರ್ಜೆ, ಎಫ್.ಡಿ. ಅದಕ್ಕೂ ಮಿಗಿಲಾಗಿ ಪಿಸ್ಟನ್ನನ್ನು ಶುಚಿಯಾಗಿಡುವ ದರ್ಜೆ. "ಟಿ.ಸಿ.-ಡಬ್ಲ್ಯು 3" ಎಂಬುದು ನೀರಿನಿಂದ ತಂಪಾಗುವ ದೋಣಿಯ ಇಂಜಿನ್ನಿಗಾಗಿ ಮಾಡಿದ್ದು, ಗಾಳಿಯಿಂದ ತಂಪಾಗುವ ನಮ್ಮ ಯಂತ್ರಗಳಿಗೆ ತಕ್ಕುದಲ್ಲ.

ಇನ್ನು ಬೆರೆಸುವ ಲೆಕ್ಕ. ಕೈಪಿಡಿಯಲ್ಲಿ 50:1 ಎಂದಿದ್ದರೆ ಒಂದು ಲೀಟರು ಪೆಟ್ರೋಲಿಗೆ 20 ಮಿಲಿಲೀಟರು ಎಣ್ಣೆ. 40:1 ಎಂದಿದ್ದರೆ 25. 25:1 ಎಂದಿದ್ದರೆ 40. ಕಡಿಮೆಯಾದರೆ ಪಿಸ್ಟನ್ನು ಕಾದು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. "ಇರಲಿ, ಸ್ವಲ್ಪ ಹೆಚ್ಚೇ ಹಾಕೋಣ" ಎಂದರೆ ಹೊಗೆ, ಮಸಿ ಹೆಚ್ಚುತ್ತವೆ. ಅಂದಾಜಿನಿಂದ ಸುರಿಯದೆ ಅಳತೆಯ ಪಾತ್ರೆಯಲ್ಲಿ ಅಳೆದು, ಬೇರೊಂದು ಕ್ಯಾನಿನಲ್ಲಿ ಬೆರೆಸಿ, ಕುಲುಕಿ, ಆಮೇಲೆ ಟ್ಯಾಂಕಿಗೆ ತುಂಬಬೇಕು. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲು ಇರುತ್ತದೆ. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಆದುದರಿಂದ ಬೆರೆಸಿದ್ದನ್ನು ತಿಂಗಳುಗಟ್ಟಲೆ ಇಡದೆ ಬೇಕಾದಷ್ಟನ್ನೇ ಬೆರೆಸುವುದು ಲೇಸು.

ಫೋರ್-ಸ್ಟ್ರೋಕ್ ಯಂತ್ರದ ಡಬ್ಬಿಯ ಮೇಲೆ ಎರಡು ಸಂಗತಿಗಳನ್ನು ಓದಬೇಕು. ಒಂದು, ಎಸ್.ಎ.ಇ. ಅಂಕೆ. 1905ರಲ್ಲಿ ಸ್ಥಾಪಿತವಾದ ಅಮೆರಿಕದ ವಾಹನ ಇಂಜಿನಿಯರುಗಳ ಸಂಘದ ಹೆಸರಿನ ಮೊದಲಕ್ಷರಗಳಿವು. ಅಂಕೆಯು ಎಣ್ಣೆಯ ಗುಣವನ್ನು ಹೇಳುವುದಿಲ್ಲ, ಅದರ ಮಂದತೆಯನ್ನು ಮಾತ್ರ ಹೇಳುತ್ತದೆ. ನೀರು ಬೇಗ ಹರಿಯುತ್ತದೆ, ಜೇನು ತಡವಾಗಿ ಹರಿಯುತ್ತದೆ. ಆ ಭೇದವೇ ಇದು. "ಎಸ್.ಎ.ಇ. 30" ಎಂಬಲ್ಲಿ 30 ಎಂಬುದು 100 ಡಿಗ್ರಿ ಸೆಂಟಿಗ್ರೇಡಿನಲ್ಲಿ ಅಳೆದ ಮಂದತೆಯ ದರ್ಜೆ. "10ಡಬ್ಲ್ಯು-30" ಎಂಬಲ್ಲಿಯ "ಡಬ್ಲ್ಯು" ಚಳಿಗಾಲದ ಸೂಚನೆ. ತಣ್ಣಗಿರುವಾಗ ತೆಳುವಾಗಿ ಹರಿದು, ಕಾದಾಗ 30ರ ಮಂದತೆಯನ್ನೇ ಉಳಿಸಿಕೊಳ್ಳುವ ಎಣ್ಣೆಯದು. ಅನೇಕ ಸಣ್ಣ ಯಂತ್ರಗಳ ಕೈಪಿಡಿಗಳು ಈ ಎರಡರಲ್ಲೊಂದನ್ನು ಹೇಳುತ್ತವೆ. ಬಯಲುಸೀಮೆಯ ಬಿರುಬೇಸಗೆಯಲ್ಲಿ 10ಡಬ್ಲ್ಯು-30 ತುಸು ಬೇಗ ಖರ್ಚಾಗಬಹುದು. ಮಟ್ಟವನ್ನು ಪದೇ ಪದೇ ನೋಡುತ್ತಿದ್ದರಾಯಿತು.

ಎರಡನೆಯದು ಎ.ಪಿ.ಐ. ಅಕ್ಷರಗಳು. "ಎಸ್" ಎಂದು ಮೊದಲಾಗುವುದು ಪೆಟ್ರೋಲು ಇಂಜಿನ್ನಿಗೆ, "ಸಿ" ಎಂದು ಮೊದಲಾಗುವುದು ಡೀಸೆಲ್ ಇಂಜಿನ್ನಿಗೆ. ಎಸ್.ಜೆ., ಎಸ್.ಎಲ್., ಎಸ್.ಎನ್. ಹೀಗೆ ಎರಡನೆಯ ಅಕ್ಷರ ಮುಂದೆ ಹೋದಂತೆ ದರ್ಜೆ ಹೊಸದು. ಕೈಪಿಡಿ ಕೇಳಿದ ದರ್ಜೆಗಿಂತ ಹಳೆಯದನ್ನು ಮಾತ್ರ ಕೊಳ್ಳಬಾರದು. ಬೆಲೆಗೆ ಹಿಂಜರಿಯಬೇಕಾಗಿಯೂ ಇಲ್ಲ. ಹೆಗಲಿಗೆ ಹಾಕುವ ಫೋರ್-ಸ್ಟ್ರೋಕ್ ಮೆಷಿನ್ನಿಗೆ ಹಿಡಿಸುವುದೇ ಸುಮಾರು 100 ಮಿಲಿಲೀಟರು. ಅಷ್ಟೇ ಇರುವುದರಿಂದ ಸ್ವಲ್ಪ ತಗ್ಗಿದರೂ ಅಪಾಯ. ಪ್ರತಿದಿನವೂ ಯಂತ್ರವನ್ನು ಸಮತಲದಲ್ಲಿಟ್ಟು ಮಟ್ಟ ನೋಡಬೇಕು. ಹೊಸ ಯಂತ್ರದ ಮೊದಲ ಎಣ್ಣೆಯಲ್ಲಿ ಲೋಹದ ಪುಡಿ ಸೇರುವುದರಿಂದ ಅದನ್ನು ಬೇಗನೆ ಬದಲಾಯಿಸಬೇಕು. ಆಮೇಲೆ ಸಾಮಾನ್ಯವಾಗಿ 50 ಗಂಟೆಗೊಮ್ಮೆ, ಇಲ್ಲವೆ ಕೈಪಿಡಿ ಹೇಳಿದಂತೆ. ತೆಗೆದ ಎಣ್ಣೆಯನ್ನು ಬಾವಿಯ ಬಳಿಗಾಗಲಿ ತೋಡಿಗಾಗಲಿ ಚೆಲ್ಲದೆ ಡಬ್ಬಿಯಲ್ಲಿ ಶೇಖರಿಸಿ ಗ್ಯಾರೇಜಿಗೆ ಕೊಡುವುದು ಉತ್ತಮ.

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಎಂಬ ಗಾದೆ ನಮ್ಮಲ್ಲಿದೆ. ಯಂತ್ರದ ಎಣ್ಣೆ ಬಂದಾಗ ಮಾತ್ರ ಕಣ್ಣು ತೆರೆದು ಡಬ್ಬಿಯನ್ನು ಓದೋಣ. ಈ ರಜೆಯಲ್ಲಿ ಊರಿಗೆ ಹೋಗುವ ಮಿತ್ರರು ತಮ್ಮ ಮನೆಯ ಯಂತ್ರದ ಕೈಪಿಡಿಯನ್ನು ಒಮ್ಮೆ ತೆರೆದು, ಎಣ್ಣೆಯ ಹೆಸರು ಮತ್ತು ಅಳತೆಯನ್ನು ಕನ್ನಡದಲ್ಲಿ ದೊಡ್ಡಕ್ಷರಗಳಿಂದ ಬರೆದು, ಯಂತ್ರ ನಿಲ್ಲಿಸುವ ಗೋಡೆಗೆ ಅಂಟಿಸಲಿ. ಹೊಲದಲ್ಲಿ ದುಡಿದು ನಮ್ಮನ್ನು ಓದಿಸುತ್ತಿರುವವರಿಗೆ ಆ ಓದಿನಿಂದ ಕೂಡಲೇ ಆಗುವ ಒಂದು ಸಣ್ಣ ಉಪಕಾರ ಅದು.